ಪತ್ರಾದಾಚೆಯ ಧೂಳು

ಮುಂಬಯಿಯಲ್ಲಿ ಕಟ್ಟಡ ಮೇಲೇಳುವ ಮೊದಲು ಅದರ ಸುತ್ತ ಪತ್ರಾ, ಅಂದರೆ ತಗಡಿನ ಬೇಲಿ, ಏಳಬೇಕು. 2023ರ ಅಕ್ಟೋಬರ್ 25ರಂದು ಮಹಾನಗರ ಪಾಲಿಕೆ ಹೊರಡಿಸಿದ ಮಾರ್ಗಸೂಚಿಯಂತೆ, 70 ಮೀಟರ್ ಮೀರಿದ ಕಟ್ಟಡಕ್ಕೆ 35 ಅಡಿ ಎತ್ತರದ ಪತ್ರಾ ಬೇಕು. ಒದ್ದೆ ಬಟ್ಟೆಯ ಹೊದಿಕೆ, ನೀರಿನ ಸಿಂಪಡಣೆ, ಮಂಜು ಉಗುಳುವ ಯಂತ್ರ, ಲಾರಿಯ ಚಕ್ರ ತೊಳೆಯುವ ವ್ಯವಸ್ಥೆಯೂ ಇರಬೇಕು.

ಪಟ್ಟಿ ಅಚ್ಚುಕಟ್ಟಾಗಿದೆ. ಆದರೆ 35 ಅಡಿಯ ಪತ್ರಾ ಮೂರನೇ ಮಹಡಿಯ ಹೊತ್ತಿಗೇ ಮುಗಿಯುತ್ತದೆ. ಹದಿನೈದನೆಯದರಲ್ಲಿ ಗ್ರಾನೈಟ್ ಕೊಯ್ಯುವಾಗ ಉಳಿಯುವುದು ಬಟ್ಟೆಯೊಂದೇ.

ನೀರಿನದು ಇನ್ನೊಂದು ಕಥೆ. ದಪ್ಪ ಧೂಳನ್ನು ಅದು ಚೆನ್ನಾಗಿ ಕೂರಿಸುತ್ತದೆ. ಎದೆಯ ಆಳಕ್ಕಿಳಿಯುವ ಪಿಎಂ 2.5 ಕಣ ಮಾತ್ರ ಕೂದಲಿನ ಮೂವತ್ತನೇ ಒಂದು ಪಾಲಿನಷ್ಟು ಸಣ್ಣದು. ದೊಡ್ಡ ಹನಿ ಬೀಳುವಾಗ ಗಾಳಿ ಅದರ ಪಕ್ಕಕ್ಕೆ ಸರಿಯುತ್ತದೆ, ಕಣವೂ ಗಾಳಿಯ ಜತೆ ನುಣುಚಿಕೊಳ್ಳುತ್ತದೆ. ಅದನ್ನು ಹಿಡಿಯಲು ಹನಿಯೂ ಅಷ್ಟೇ ನವಿರಾಗಬೇಕು.

ಎದ್ದ ಧೂಳು ಸುಲಭಕ್ಕೆ ಕೈಗೆ ಸಿಗದು ಎಂಬುದು ಕಬ್ಬಿಣದ ಅದಿರಿನ ಧೂಳು ತಿಂದ ಕನ್ನಡಿಗರಿಗೆ ಹೊಸ ಪಾಠವಲ್ಲ. ರಫ್ತಿನ ಭರಾಟೆಯಲ್ಲಿ ಸಂಡೂರು–ಹೊಸಪೇಟೆ ರಸ್ತೆಯ ಗಿಡಮರಗಳೆಲ್ಲ ಕೆಂಪಾಗಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಗಣಿಗಾರಿಕೆ ಮತ್ತೆ ಶುರುವಾದ ಮೇಲೆ, ಈಗ ಅಲ್ಲಿ ಒಂದಿಷ್ಟು ಅದಿರು ಸುಮಾರು 24 ಕಿಲೋಮೀಟರ್ ದೂರದ ತೋರಣಗಲ್ಲಿಗೆ ಕೊಳವೆಯಂತೆ ಸುರುಳಿ ಸುತ್ತಿಕೊಳ್ಳುವ ಕನ್ವೇಯರ್‌ನೊಳಗೆ ಸಾಗುತ್ತದೆ. ಅದನ್ನು ಹಾಕಿಸಿದ ಕಂಪನಿಯ ಪ್ರಧಾನ ಕಚೇರಿ ಇರುವುದು ಬಾಂದ್ರಾ-ಕುರ್ಲಾದಲ್ಲಿ, ಇದೇ ಮುಂಬಯಿಯ ಗಾಳಿಯಲ್ಲಿ! ಧೂಳೆದ್ದ ಮೇಲೆ ಬೆನ್ನಟ್ಟುವುದಕ್ಕಿಂತ ಏಳದಂತೆ ಮುಚ್ಚುವುದು ಎಷ್ಟೋ ಮೇಲು.

ಹಾಗೆಂದು ಮುಚ್ಚಿದ್ದೆಲ್ಲ ನಿರ್ಮಲವೇನಲ್ಲ. ಕುದುರೆಮುಖದ ಅದಿರು ನುಣ್ಣಗೆ ಅರೆದು ನೀರು ಬೆರೆಸಿದ ರಾಡಿಯಾಗಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗಿಳಿದು ಉಂಡೆಯಾಗುತ್ತಿತ್ತು. ದಾರಿಯಲ್ಲಿ ಲಾರಿಯೂ ಇಲ್ಲ, ಧೂಳೂ ಇಲ್ಲ. ಗಣಿಯ ಹೂಳು ಮಾತ್ರ ಭದ್ರಾ ನದಿಗೆ ಬಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಮುಂಬಯಿಯ ಕಾಂಕ್ರೀಟ್ ಮಿಕ್ಸ್ ಘಟಕಗಳಲ್ಲಿ ನೋಡಬೇಕಾದ್ದು ಪತ್ರಾವನ್ನಲ್ಲ, ಸಿಮೆಂಟ್ ಗೋಪುರದ ತಲೆಯ ಮೇಲಿನ ಚೀಲದ ಫಿಲ್ಟರನ್ನು. ಗಾಳಿಯ ಒತ್ತಡದಿಂದ ಸಿಮೆಂಟ್ ತುಂಬುವಾಗ ಆ ಚೀಲ ಹರಿದಿದ್ದರೆ ಅತಿ ನವಿರಾದ ಪುಡಿ ನೇರ ಹೊರಗೆ. ಕೆಳಗೆ ನಿಂತವನಿಗೆ ಇದು ಕಾಣುವುದಿಲ್ಲ. ಪತ್ರಾದ ಎತ್ತರವಾದರೋ ರಸ್ತೆಯಿಂದಲೇ ಅಳತೆಗೆ ಸಿಗುತ್ತದೆ.

2024ರ ಡಿಸೆಂಬರ್ ಕೊನೆಗೆ ಗಾಳಿ ತೀರಾ ಕೆಟ್ಟಾಗ ಪಾಲಿಕೆ ಭಾಯಖಳ ಮತ್ತು ಬೋರಿವಲಿ ಪೂರ್ವದಲ್ಲಿ ಕಟ್ಟಡ ಕೆಲಸವನ್ನೇ ನಿಲ್ಲಿಸಿತು. ಮಾರ್ಗಸೂಚಿ ಬಂದು ಆಗಲೇ ವರ್ಷ ಕಳೆದಿತ್ತು. ಬೆಳಿಗ್ಗೆ ಟ್ಯಾಂಕರ್ ತೊಳೆದ ರಸ್ತೆಯಂಚಿನ ಕೆಸರು ಮಧ್ಯಾಹ್ನದೊಳಗೆ ಒಣಗಿ, ಮೊದಲ ಬಸ್ಸಿನ ಹಿಂದೆ ಮತ್ತೆ ಏಳುತ್ತದೆ.