ಉಪಯೋಗ: ಪಟ್ಟಿಯ ಕೊನೆಯ ಅಂಕಣ

ಬೆಟ್ಟದ ಸಸ್ಯಗಳ ಸಮೀಕ್ಷೆಗೆ ನಮ್ಮಲ್ಲೊಂದು ಸಿದ್ಧ ಅಚ್ಚಿದೆ: ಶಾಸ್ತ್ರೀಯ ಹೆಸರು, ಕುಟುಂಬ, ಸ್ಥಳೀಯ ಹೆಸರು, ಕೊನೆಗೆ ‘ಉಪಯೋಗ’. ಮೊದಲ ಅಂಕಣಗಳಲ್ಲಿ ಕಾಣುವ ಶಿಸ್ತು ಕೊನೆಯದಕ್ಕೆ ಬರುವ ಹೊತ್ತಿಗೆ ಸಡಿಲವಾಗಿರುತ್ತದೆ. ಹೆಸರು ತಪ್ಪಿದರೆ ಹರ್ಬೇರಿಯಂ ಹಾಳೆ ತೆಗೆದು ತಿದ್ದಬಹುದು. ‘ಬೇರು ಔಷಧೀಯ’ ಎಂಬ ಮಾತನ್ನು ಯಾವ ಹಾಳೆ ಇಟ್ಟುಕೊಂಡು ಪರೀಕ್ಷಿಸುವುದು?

ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಭಾರತೀಯ ಸಸ್ಯ ಸರ್ವೇಕ್ಷಣೆಯವರು ಅಲ್ಲಿನ ಸಸ್ಯಸಂಪತ್ತಿನ ಬಗ್ಗೆ 1967ರಲ್ಲೇ ಬರೆದರು. ಕುರುಚಲು ಕಾಡಿನಿಂದ ಶೋಲಾದವರೆಗೆ ಏನೇನು ಬೆಳೆಯುತ್ತದೆಂದು ಮುಂದಿನವರಿಗೆ ಗೊತ್ತಾದದ್ದು ಇಂಥ ದುಡಿಮೆಯಿಂದ. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ‘ಜನೋಪಯೋಗಿ ಸಸ್ಯ’ಗಳ ಪಟ್ಟಿ ಮಾಡುವ ರೂಢಿಯ ಬಗ್ಗೆ. ಅಲ್ಲಿ ನೆಲ್ಲಿಯ ಎದುರು ಉಪ್ಪಿನಕಾಯಿ, ಔಷಧಿ, ತಲೆಗೆ ಎಣ್ಣೆ ಎಂದಿರುತ್ತದೆ. ಇಷ್ಟು ತಿಳಿಯಲು ಬೆಟ್ಟ ಹತ್ತಬೇಕಿಲ್ಲ, ದಿನಸಿ ಅಂಗಡಿಗೆ ಹೋದರೆ ಸಾಕು.

ಅಲ್ಲಿನ ಬುಡಕಟ್ಟಿನವರಾದ ಸೋಲಿಗರಿಗೆ ಗೊತ್ತಿರುವುದು ಬೇರೆ ಬಗೆಯದು. ನೆಲ್ಲಿಮರದ ರಸ ಹೀರುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಹಿಂದೆ ತಾವು ಹಚ್ಚುತ್ತಿದ್ದ ತರಗುಬೆಂಕಿ, ಎಂದರೆ ನೆಲದ ಒಣಎಲೆಯಷ್ಟನ್ನೇ ಸುಟ್ಟು ಆರುವ ಸಣ್ಣ ಬೆಂಕಿ, ಉಪ್ಪಿಲನ್ನು ಹದ್ದುಬಸ್ತಿನಲ್ಲಿಡುತ್ತಿತ್ತು. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು, ಲಂಟಾನ ಕಳೆಯೂ ನುಗ್ಗಿತು ಎಂಬುದು ಅವರ ವಾದ. ಕಾಡಿನ ಬಗ್ಗೆ ಚಿಂತಿಸುವವರ ಕಣ್ಣು ಮಾತ್ರ ಕಾಯಿ ಕೀಳುವವರ ಮೇಲೇ ಇತ್ತು. ಮುಂದೆ ಸಂಶೋಧಕರು ಮರಗಳನ್ನು ವರ್ಷಗಟ್ಟಲೆ ಗಮನಿಸಿ ಲೆಕ್ಕಹಾಕಿದಾಗ, ಕಾಯಿ ಕೊಯ್ಲಿಗಿಂತ ಬಂದಳಿಕೆ, ಲಂಟಾನಗಳ ಪೆಟ್ಟೇ ದೊಡ್ಡದೆಂದು ಕಂಡಿತು. ಮರದ ಉಪಯೋಗವೂ ಮರದ ಆರೈಕೆಯೂ ಒಂದೇ ತಿಳಿವಳಿಕೆಯ ಭಾಗ ಎಂದಾದರೆ, ಬೆಂಕಿಯ ವಿಷಯವನ್ನು ಯಾವ ಅಂಕಣದಲ್ಲಿ ಬರೆಯುವುದು?

ಮಾಗಳಿ ಬೇರಿನ ಕತೆ ಇನ್ನೂ ಸರಳ. ನೆಲ್ಲಿಕಾಯಿ ಕಿತ್ತರೆ ಮರ ಉಳಿಯುತ್ತದೆ. ಮಾಗಳಿಯ ಬೇರನ್ನು ಪೂರ್ತಿ ಅಗೆದರೆ ಬಳ್ಳಿಯೇ ಹೋಯಿತು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಷರಾ: ಉಪ್ಪಿನಕಾಯಿ. (ರುಚಿಯ ವಿಷಯದಲ್ಲಿ ನನ್ನ ಓಟು ಮಾಗಳಿಗೇ, ಅದು ಬೇರೆ ಮಾತು.) ಯಾವ ಭಾಗ, ಯಾವ ಕಾಲ, ಎಷ್ಟು ಬಿಟ್ಟು ಬರಬೇಕು ಎಂಬುದಿಲ್ಲದ ಉಪಯೋಗದ ಪಟ್ಟಿ ಕಾಡಿಗಿಂತ ವ್ಯಾಪಾರಿಗೇ ಹೆಚ್ಚು ನೆರವಾಗುತ್ತದೆ.

2011ರಲ್ಲಿ ಅಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮನ್ನಣೆ ಸಿಕ್ಕಿತು. ಆದರೆ ಇಂಥ ಪಟ್ಟಿಗಳ ಪಾಲಿಗೆ ಮಾಹಿತಿ ಕೊಟ್ಟವರು ಬರೀ ‘ಸ್ಥಳೀಯರು’. ನೆಲ್ಲಿಯ ಶಾಸ್ತ್ರೀಯ ಹೆಸರಿನ ಬೆನ್ನಿಗೆ ಲಿನೇಯಸ್‌ನ ಗುರುತಾದ ‘ಎಲ್’ ಅಕ್ಷರ ತಪ್ಪದೆ ಕೂರುತ್ತದೆ. ಉಪ್ಪಿಲಿನ ಸಂಗತಿ ಹೇಳಿಕೊಟ್ಟವರ ಹೆಸರಿಗೆ ಅಡಿಟಿಪ್ಪಣಿಯಲ್ಲೂ ಜಾಗವಿರುವುದಿಲ್ಲ.