ಕಾಗದದ ಹಾಡು ಮತ್ತು ಆಡಿನ ರೊಪ್ಪ: ಕೊಲ್ಲಿ ನಾಡಿನ ಪರದೇಶಿಯ ದಿನಚರಿ

ಕೊಲ್ಲಿ ರಾಷ್ಟ್ರಗಳಿಗೆ ದುಡಿಮೆಗೆಂದು ಹೋದವರನ್ನು ಕುರಿತ ಬರಹಗಳು ಬಹುಮಟ್ಟಿಗೆ ಎರಡು ಸಿದ್ಧ ಜಾಡುಗಳಲ್ಲಿ ಸಾಗಿವೆ. ಮೊದಲನೆಯದು ಗಳಿಸಿ ಬಂದು ಊರಿನಲ್ಲಿ ತಾರಸಿ ಮನೆ ಕಟ್ಟಿಸಿದವನ ಕಥೆ; ಎರಡನೆಯದು ಏಜೆಂಟನ ಮಾತು ನಂಬಿ ಕೆಟ್ಟವನ ಕಥೆ. ಅಲ್ಲಿನ ಬದುಕಿನ ದೈನಂದಿನ ವಿವರಗಳು ಇವೆರಡರಲ್ಲಿಯೂ ಮರೆಯಾಗುತ್ತವೆ. ನೀರನ್ನು ಏನೆಂದು ಕೇಳಬೇಕು, ಯಜಮಾನನನ್ನು ಏನೆಂದು ಕರೆಯಬೇಕು, ಊರಿಗೆ ಏನೆಂದು ಬರೆಯಬೇಕು ಎಂಬ ನಿತ್ಯದ ಪ್ರಶ್ನೆಗಳಿಗೆ ಅಲ್ಲಿ ಸ್ಥಳವಿಲ್ಲ. ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ (2008) ಎರಡನೆಯ ಜಾಡಿನ ಕೃತಿಯೆಂದೇ ಪ್ರಸಿದ್ಧವಾಗಿದೆ. ಅದು ಅಪಾರ ಓದುಗರನ್ನು ಗಳಿಸಿದ್ದೂ, 2024ರಲ್ಲಿ ಚಲನಚಿತ್ರವಾದುದೂ ಯಾತನೆಯ ಕಥೆಯೆಂಬ ಹೆಸರಿನಲ್ಲಿಯೇ. ಆದರೆ ಜಾನಪದದ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಅದರ ಸತ್ತ್ವ ಯಾತನೆಗಿಂತ ಹೆಚ್ಚಾಗಿ ದಿನಚರಿಯಲ್ಲಿದೆ ಎಂಬುದು ಕಾಣುತ್ತದೆ.

ಈ ಹಿನ್ನೆಲೆಯನ್ನು ಒದಗಿಸುವುದು ಮಲಬಾರಿನ ಮಾಪಿಳ್ಳೆ ಹಾಡುಗಳ ‘ಕತ್ತುಪಾಟ್ಟು’ ಎಂಬ ಪ್ರಕಾರ. ಇಲ್ಲಿ ‘ಕತ್ತು’ ಎಂದರೆ ಕಾಗದ. ಅರಬ್ಬಿಯ ‘ಖತ್’ ಎಂಬ ಪದದಿಂದ ಬಂದ ಈ ಹೆಸರು ಕನ್ನಡದ ಕಿವಿಗೆ ಬೇರೆಯದನ್ನೇ ಸೂಚಿಸುವುದರಿಂದ ಇಷ್ಟು ಹೇಳಬೇಕಾಯಿತು. ಈ ಪ್ರಕಾರದ ಹೆಸರಾಂತ ಹಾಡುಗಳಲ್ಲೊಂದು ಪುಲಿಕ್ಕೋಟ್ಟಿಲ್ ಹೈದರ್ ರಚಿಸಿದ ‘ಮರಿಯಕ್ಕುಟ್ಟಿಯ ಕಾಗದ’. ಅದು ತಲುಪಬೇಕಾದ ವಿಳಾಸ ಬಳ್ಳಾರಿಯ ಸೆರೆಮನೆ. 1921ರ ಮಲಬಾರ್ ದಂಗೆಯ ನಂತರ ಅಲ್ಲಿ ಸೆರೆಯಲ್ಲಿದ್ದ ಗಂಡನ ಕಿವಿಗೆ ಬಿದ್ದ ಅಪವಾದಕ್ಕೆ ಹೆಂಡತಿ ಕೊಡುವ ಉತ್ತರವೇ ಆ ಹಾಡು. ಕನ್ನಡ ನೆಲದ ಸೆರೆಮನೆಯೊಂದು ನೆರೆಭಾಷೆಯ ಹಾಡಿನ ಹುಟ್ಟಿಗೆ ಕಾರಣವಾದುದು ನಮ್ಮ ಜಾನಪದ ಅಧ್ಯಯನಗಳ ಗಮನಕ್ಕೆ ಬರಬೇಕಾದಷ್ಟು ಬಂದಿಲ್ಲ.

ಅದೇ ಪ್ರಕಾರಕ್ಕೆ 1970ರ ದಶಕದಲ್ಲಿ ಎಸ್.ಎ. ಜಮೀಲ್ ಹೊಸ ವಿಳಾಸವೊಂದನ್ನು ಬರೆದರು. ಅವರ ‘ದುಬೈ ಕತ್ತುಪಾಟ್ಟು’ ಗಂಡನಿಗೆ ಹೆಂಡತಿ ಬರೆದ ಕಾಗದ ಮತ್ತು ಅದಕ್ಕೆ ಅವನು ಕೊಟ್ಟ ಉತ್ತರ ಎಂಬ ಎರಡು ಭಾಗಗಳಲ್ಲಿದೆ. ಹಣ ಬರುತ್ತಿದೆ, ಆಳು ಬರುತ್ತಿಲ್ಲ ಎಂಬ ಅಳಲನ್ನು ಅದರ ಹೆಣ್ಣು ಯಾವ ಸಂಕೋಚವೂ ಇಲ್ಲದೆ, ದೇಹದ ಒಂಟಿತನವನ್ನೂ ಮುಚ್ಚಿಡದೆ ಹೇಳಿಕೊಳ್ಳುತ್ತಾಳೆ. ನಮ್ಮ ಗರತಿಯ ಹಾಡುಗಳಲ್ಲಿ ಊರು ಬಿಟ್ಟವಳು ಹೆಣ್ಣು. ಅವಳ ಹಂಬಲ ತವರಿನತ್ತ ಮುಖಮಾಡಿರುತ್ತದೆ. ಇಲ್ಲಿ ಹೆಣ್ಣು ಮನೆಯಲ್ಲಿಯೇ ಉಳಿದಿದ್ದಾಳೆ, ಗಂಡು ಪರಸ್ಥಳದಲ್ಲಿದ್ದಾನೆ. ಸೆರೆಮನೆಗೆ ಬರೆದ ಕಾಗದದ ಚೌಕಟ್ಟು ಕೊಲ್ಲಿ ನಾಡಿಗೆ ಬರೆದ ಕಾಗದಕ್ಕೆ ಇಷ್ಟು ಸಲೀಸಾಗಿ ಹೊಂದಿಕೊಂಡುದು ಆಕಸ್ಮಿಕವೆನ್ನಲಾಗದು. ಎರಡೂ ಕಡೆ ಬಿಡುಗಡೆಯ ದಿನವನ್ನು ನಿಶ್ಚಯಿಸುವವರು ಬೇರೆಯವರು.

‘ಆಡುಜೀವಿತಂ’ ಆರಂಭವಾಗುವುದೂ ಇಂಥ ಸೆರೆಯ ಸುತ್ತಲೇ. ನಜೀಬ್ ಮತ್ತು ಹಮೀದ್ ರಿಯಾದ್ ನಗರದ ಬತ್ಹಾದಲ್ಲಿ ಪೊಲೀಸ್ ಠಾಣೆಯೆದುರು ನಿಂತಿದ್ದಾರೆ. ತಮ್ಮನ್ನು ಬಂಧಿಸಲಿ ಎಂಬುದೇ ಅವರ ಬಯಕೆ, ಏಕೆಂದರೆ ಕಾಗದಪತ್ರಗಳಿಲ್ಲದವನಿಗೆ ಊರಿನ ದಾರಿ ಸೆರೆಮನೆಯ ಮೂಲಕವೇ ಹಾಯುತ್ತದೆ. ಈ ಆರಂಭವನ್ನು ಕೇವಲ ಕುತೂಹಲ ಕೆರಳಿಸುವ ತಂತ್ರವೆಂದು ಎಣಿಸುವುದು ಸರಿಯಲ್ಲ. ಕತ್ತುಪಾಟ್ಟಿನ ಪರಂಪರೆ ಬಲ್ಲವರಿಗೆ ಅದು ಹಳೆಯ ವಿಳಾಸಕ್ಕೆ ಮರಳಿದಂತೆ ಕೇಳಿಸುತ್ತದೆ. ಮುಂದೆ ಮರುಭೂಮಿಯಲ್ಲಿ ನಜೀಬ್ ತನ್ನ ಹೆಂಡತಿ ಸೈನುವಿಗೆ ಸುಖದ ಸುಳ್ಳುಗಳನ್ನು ತುಂಬಿ ಕಾಗದ ಕಟ್ಟುವ ಸಂದರ್ಭವೂ ಈ ಪರಂಪರೆಗೇ ಸೇರುತ್ತದೆ. ಜಮೀಲ್‌ರ ಹಾಡಿನಲ್ಲಿ ಕಾಗದ ನಿಜ ನುಡಿದರೆ ಇಲ್ಲಿ ಅದು ನಿಜವನ್ನು ಮರೆಮಾಚುತ್ತದೆ.

ಕಾದಂಬರಿಯ ಅತ್ಯಂತ ಮೌಲಿಕ ಭಾಗಗಳು ಮಾತಿಗೆ ಸಂಬಂಧಿಸಿದವು. ಅರಬ್ಬಿಯ ಒಂದಕ್ಷರ ಬಾರದ ನಜೀಬ್ ಕಿವಿಗೆ ಬಿದ್ದ ಪದಗಳನ್ನು ಒಂದೊಂದಾಗಿ ಹೆಕ್ಕಿ ತನ್ನದೇ ಪುಟ್ಟ ನಿಘಂಟು ಮಾಡಿಕೊಳ್ಳುತ್ತಾನೆ. ಅದರಲ್ಲಿರುವುದು ಆಡು, ಹಾಲು, ಮೇವು, ಒಂಟೆ, ರೊಟ್ಟಿ, ನೀರು, ‘ಇಲ್ಲ’ ಮತ್ತು ‘ತೊಲಗು’. ಆಡಿನ ರೊಪ್ಪ ‘ಮಸರ’, ಯಜಮಾನ ‘ಅರ್ಬಾಬ್’. ಈ ಕೊನೆಯ ಪದ ವಿಶೇಷ ಗಮನಕ್ಕೆ ಅರ್ಹವಾದುದು. ಅರಬ್ಬಿಯಲ್ಲಿ ಅದು ‘ರಬ್’, ಅಂದರೆ ಒಡೆಯ ಎಂಬುದರ ಬಹುವಚನ. ಪಾರಸಿ, ಉರ್ದುಗಳಲ್ಲಿ ಒಬ್ಬನೇ ಧಣಿಯನ್ನು ಹೇಳುವ ಮಾತು. ಅರಬನನ್ನು ಕರೆಯಲು ಪರದೇಶಿ ಬಳಸುವ ಪದ ಹೀಗೆ ಅರಬ್ಬಿಯ ಬಳಕೆಯಿಂದಲೇ ಸರಿದು ನಿಂತಿದೆ. ಅದು ದುಡಿಯುವವರ ನಡುವೆ ರೂಢವಾದ ಬೆರಕೆ ಮಾತಿನ ಪದ. ಆ ಬೆರಕೆಯ ಅರಬ್ಬಿಯನ್ನು ಭಾಷಾವಿಜ್ಞಾನಿಗಳು ಪ್ರತ್ಯೇಕ ನುಡಿಬಗೆಯೆಂದು ಅಧ್ಯಯನ ಮಾಡಿದ್ದಾರೆ. ಹಂಚಿಕೊಂಡ ಒಂದು ಅಂಶವಿದ್ದರೆ ಯಾವ ಗುಂಪಾದರೂ ಜನಪದವೇ ಎಂಬ ಅಲನ್ ಡಂಡೆಸ್‌ರ ವ್ಯಾಖ್ಯೆಯನ್ನು ಒಪ್ಪುವುದಾದರೆ, ಈ ನುಡಿಯನ್ನು ಹಂಚಿಕೊಂಡವರೂ ಒಂದು ಜನಪದವೇ. ಹಳ್ಳಿ, ಜಾತ್ರೆ, ಕೃಷಿಗಳ ಆಚೆಗೆ ಜನಪದವನ್ನು ಹುಡುಕಲು ಹಿಂಜರಿಯುವ ಕ್ಷೇತ್ರಕಾರ್ಯಕ್ಕೆ ಇದು ಸವಾಲು.

ಊರಿನಲ್ಲಿ ನಜೀಬ್ ಹೊಳೆಯಲ್ಲಿ ಮುಳುಗಿ ಮರಳು ತೆಗೆಯುತ್ತಿದ್ದವನು. ಶೌಚಕ್ಕೆ ನೀರು ಬಳಸಹೋದ ಮೊದಲ ಬೆಳಗ್ಗೆಯೇ ಅವನಿಗೆ ಏಟು ಬೀಳುತ್ತದೆ, ನೀರಿರುವುದು ಆಡುಗಳಿಗೆ. ಶುಚಿಯ ಕಟ್ಟಳೆಗಳಲ್ಲಿ ಬೆಳೆದವನ ದಿನಚರಿ ಹೀಗೆ ಒಂದೇ ಹೊಡೆತಕ್ಕೆ ಮುರಿಯುವುದನ್ನು ಲೇಖಕರು ಯಾವ ವ್ಯಾಖ್ಯಾನವೂ ಇಲ್ಲದೆ ಹೇಳುತ್ತಾರೆ. ಆಡುಗಳಿಗೆ ಅವನು ತನ್ನೂರಿನ ಮಂದಿಯ ಹೆಸರು, ಅಡ್ಡಹೆಸರುಗಳನ್ನು ಇಡುತ್ತಾನೆ. ಹುಟ್ಟಲಿರುವ ಮಗನಿಗೆಂದು ಕಾದಿರಿಸಿದ್ದ ನಬೀಲ್ ಎಂಬ ಹೆಸರನ್ನು ಮರಿಯೊಂದಕ್ಕೆ ಕೊಡುತ್ತಾನೆ. ಆ ಮರಿಯ ಬೀಜ ಒಡೆಸಲಾಗುತ್ತದೆ. ತನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲದ ಕಡೆ ಅವನು ಸುತ್ತಲೂ ಒಂದು ಊರನ್ನೇ ಹೆಸರಿಸಿಕೊಳ್ಳುತ್ತಾನೆ.

ಕೃತಿಯ ಮಿತಿಯನ್ನೂ ಹೇಳಬೇಕು. ಅರ್ಬಾಬ್ ಇಡೀ ಕಾದಂಬರಿಯಲ್ಲಿ ಬಂದೂಕು, ದುರ್ಬೀನು ಮತ್ತು ಬೈಗುಳಗಳ ಮೊತ್ತವಾಗಿಯೇ ಉಳಿಯುತ್ತಾನೆ. ಮರುಭೂಮಿ ದಾಟಿಸುವ ಇಬ್ರಾಹಿಂ ಖಾದಿರಿ ಕಾರ್ಯ ಮುಗಿಯುತ್ತಲೇ ಕಣ್ಮರೆಯಾಗುತ್ತಾನೆ. ಇದನ್ನು ದೋಷವೆಂದು ಕಾಣುವುದಕ್ಕಿಂತ ಪ್ರಾಪ್ ಗುರುತಿಸಿದ ಸಹಾಯಕ ಪಾತ್ರದ ಚಹರೆಯೆಂದು ತಿಳಿಯುವುದು ಲೇಸು. ಜನಪದ ಕಥೆಯಲ್ಲಿ ಅಂಥವನು ಎಲ್ಲಿಗೆ ಹೋದನೆಂದು ಯಾರೂ ಕೇಳುವುದಿಲ್ಲ. ಆದರೆ ಅರ್ಬಾಬ್‌ನ ಪಾತ್ರಕ್ಕೆ ಈ ಸಮರ್ಥನೆ ಸಲ್ಲದು. ದಿನಚರಿಯನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಕೃತಿ ಅದರ ಇನ್ನೊಂದು ಪಾಲುದಾರನನ್ನು ಕಾಣದೆ ಹೋಗಿದೆ.

ಅರಬರ ಮನೆಯೊಳಗಿನ ನೋಟಕ್ಕೆ ಕುವೈತಿನ ಸೌದ್ ಅಲ್‌ಸನೂಸಿ ಅವರ ‘ಬಿದಿರಿನ ಕಾಂಡ’ ಎಂಬರ್ಥದ ಕಾದಂಬರಿಯ (2012) ಕಡೆಗೆ ತಿರುಗಬೇಕಾಗುತ್ತದೆ. 2013ರಲ್ಲಿ ಅರಬ್ಬಿ ಕಥನ ಸಾಹಿತ್ಯದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಈ ಕೃತಿಯ ನಾಯಕ, ಫಿಲಿಪ್ಪೀನ್ಸ್‌ನ ಮನೆಗೆಲಸದವಳಿಗೂ ಕುವೈತಿ ಯಜಮಾನನಿಗೂ ಹುಟ್ಟಿದವನು. ಒಂದೆಡೆ ಅವನು ಹೊಸೆ, ಮತ್ತೊಂದೆಡೆ ಈಸಾ. ಅವನ ಮುಖ ತಾಯಿಯ ನಾಡಿನದು, ದನಿ ಮಾತ್ರ ತಂದೆಯದು. ಆ ದನಿ ಕೇಳಿ ಕರಗುವ ಅಜ್ಜಿಗೂ ನೆರೆಹೊರೆಯ ಮಾತಿಗೆ ಅಂಜಿ ಅವನನ್ನು ಮೊಮ್ಮಗನೆಂದು ಒಪ್ಪಿಕೊಳ್ಳುವುದು ಸಾಧ್ಯವಾಗುವುದಿಲ್ಲ. ಬೆನ್ಯಾಮಿನ್ ಬಿಟ್ಟ ಪಾತ್ರವನ್ನು ಸನೂಸಿ ಈ ಅಜ್ಜಿಯ ಮೂಲಕ ತುಂಬಿದ್ದಾರೆ.

‘ಆಡುಜೀವಿತಂ’ ಕುರಿತ ಚರ್ಚೆ ಹೆಚ್ಚಾಗಿ ಕಫಾಲಾ ಎಂಬ ಪ್ರಾಯೋಜಕ ಪದ್ಧತಿಯ ಸುತ್ತ ನಡೆದಿದೆ. ಪಠ್ಯ ಹೇಳುವುದು ಇನ್ನೂ ಭಯಾನಕವಾದುದನ್ನು. ಸೆರೆಮನೆಗೆ ಬರುವ ಅರ್ಬಾಬ್ ನಜೀಬ್‌ನನ್ನು ಕಂಡೂ ಬಿಟ್ಟುಹೋಗುವುದಕ್ಕೆ ಕಾರಣ, ಅವನು ತನ್ನ ವೀಸಾದ ಆಳಲ್ಲ ಎಂಬುದು. ವಿಮಾನ ನಿಲ್ದಾಣದಿಂದ ಅವನನ್ನು ಕೊಂಡೊಯ್ದವನಿಗೆ ಆ ಪದ್ಧತಿಯ ಹಕ್ಕೂ ಇರಲಿಲ್ಲ. ನಜೀಬ್ ಇದ್ದುದು ಕಟ್ಟಳೆಯ ಹೊರಗೆ. ಸೌದಿ ಅರೇಬಿಯ 2021ರ ಮಾರ್ಚ್‌ನಲ್ಲಿ ಉದ್ಯೋಗ ಬದಲಾವಣೆಗೆ ಸಡಿಲಿಕೆ ತಂದಾಗಲೂ ಮನೆಗೆಲಸದವರು ಮತ್ತು ಕುರಿಗಾಹಿಗಳಂಥವರು ಅದರ ವ್ಯಾಪ್ತಿಗೆ ಬರಲಿಲ್ಲ.

ಮಂಗಳೂರು, ಉಡುಪಿ, ಭಟ್ಕಳದ ಕಡೆಗಳಿಂದಲೂ ಅನೇಕ ದಶಕಗಳಿಂದ ಜನ ಕೊಲ್ಲಿಗೆ ಹೋಗಿದ್ದಾರೆ. ಬ್ಯಾರಿ, ನವಾಯತಿ, ತುಳು, ಕೊಂಕಣಿಗಳನ್ನಾಡುವ ಈ ಮನೆಗಳಲ್ಲಿ ಕಫೀಲ್, ಇಕಾಮ, ಖುಬುಸ್ ಎಂಬ ಪದಗಳಿಗೆ ಅರ್ಥ ಹೇಳಬೇಕಾಗಿಲ್ಲ. ಬರೆಯಲು ಬಾರದವರು ಮಾತನ್ನು ಕ್ಯಾಸೆಟ್ಟಿಗೆ ತುಂಬಿ, ರಜೆಯ ಮೇಲೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದ ಕಾಲವನ್ನು ಕಂಡವರು ಈ ಮನೆಗಳಲ್ಲಿ ಇನ್ನೂ ಇದ್ದಾರೆ. ಕತ್ತುಪಾಟ್ಟಿನ ಗದ್ಯರೂಪವೆನ್ನಬಹುದಾದ ಆ ಧ್ವನಿಪತ್ರಗಳು ನಮ್ಮ ಯಾವ ಪ್ರಮುಖ ಜಾನಪದ ಸಂಕಲನದಲ್ಲಿಯೂ ಪ್ರಕಾರವೆಂದು ಮನ್ನಣೆ ಪಡೆದಿಲ್ಲ. ಹಳೆಯ ದನಿಯ ಮೇಲೆಯೇ ಹೊಸ ದನಿಯನ್ನು ತುಂಬಿಸಿಕೊಳ್ಳುವುದು ಕ್ಯಾಸೆಟ್ಟಿನ ಗುಣವಾದುದರಿಂದ, ಉಳಿದಿರುವ ಎಷ್ಟೋ ಸುರುಳಿಗಳಲ್ಲಿ ಕಾಗದ ಅಳಿಸಿ ಬರಿಯ ಉತ್ತರ ಮಾತ್ರ ಸಿಕ್ಕೀತು.