ಕಡತದಲ್ಲಿ ಜಾಗವಿದೆ, ಪರದೆಯ ಮೇಲಿಲ್ಲ

ಗಲಗಲಿಯ ಸುತ್ತ ಕೃಷ್ಣೆಯ ದಂಡೆಗುಂಟ ಕಬ್ಬು ಬೆಳೆಯುತ್ತಾರೆ. ಮೈನ್‌ಕ್ರಾಫ್ಟ್ ಆಟದಲ್ಲೂ ಕಬ್ಬು ನಾಟುವುದು ನೀರಿನ ಮಗ್ಗುಲಿನ ನೆಲದಲ್ಲಿ ಮಾತ್ರ. ಅಲ್ಲಿ ಅದು ತಾನಾಗಿ ಮೂರು ಬ್ಲಾಕ್ ಎತ್ತರ ಬೆಳೆಯುತ್ತದೆ. ಒಂದು ತುಂಡು ಇಟ್ಟರೆ ಸಕ್ಕರೆ, ಮೂರು ತುಂಡು ಸಾಲಾಗಿ ಇಟ್ಟರೆ ಕಾಗದ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹುಡುಗರಿಗೆ ಈ ಬೆಳೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಇಂಥ ಆಟಗಳಿಗೆ ಆಟಗಾರರೇ ಬರೆದು ಸೇರಿಸುವ ಮಾಡ್‌ಗಳನ್ನು ತೆರೆದರೆ, ಹೊಸ ಬೆಳೆ, ಹೊಸ ಯಂತ್ರ, ಹೊಸ ಊರು ಎಲ್ಲವೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಮಾತಾಡುತ್ತವೆ. ಒಳ್ಳೆಯ ಮಾಡ್ ಬರೆಯುವವರು ಈಗ ತಮ್ಮ ಕೆಲಸದಲ್ಲಿ ಅನುವಾದಕ್ಕೆ ಅವಕಾಶ ಇಟ್ಟೇ ಬಿಡುಗಡೆ ಮಾಡುತ್ತಾರೆ. ಆ ಅವಕಾಶ ಕನ್ನಡಕ್ಕೆ ಎಷ್ಟರ ಮಟ್ಟಿಗೆ ನಿಜವಾಗಿ ದಕ್ಕುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಬೇಕು.

ಇದಕ್ಕೆ ಲುವಾಂಟಿ ಎಂಬ ಗೇಮ್ ಎಂಜಿನ್ ತಕ್ಕ ಉದಾಹರಣೆ. ಪೆರ್ಟು ಅಹೋಲಾ 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ 2024ರಲ್ಲಿ ಲುವಾಂಟಿ ಆಯಿತು. ದುಡ್ಡು ಕೊಡಬೇಕಿಲ್ಲ, ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ, ಇದರ ಆಟಗಳೆಲ್ಲ ಮಾಡ್‌ಗಳಿಂದಲೇ ಕಟ್ಟಿದವು. ಮೊದಲು ಇಲ್ಲಿ ಅನುವಾದ ನಡೆಯುತ್ತಿದ್ದುದು ಇಂಟ್‌ಲಿಬ್ ಎಂಬ ಪ್ರತ್ಯೇಕ ಮಾಡ್‌ನ ನೆರವಿನಿಂದ. ಅದರಲ್ಲಿ ಸರ್ವರಿನ ಭಾಷೆಯೇ ಎಲ್ಲರ ಭಾಷೆ. 2019ರ 5.0 ಆವೃತ್ತಿ ಈ ಪದ್ಧತಿಯನ್ನು ತಲೆಕೆಳಗು ಮಾಡಿತು. ಮಾಡ್ ಬರೆಯುವವರು ಪರದೆಗೆ ಬರುವ ಪ್ರತಿ ಮಾತನ್ನೂ ಒಂದು ಸಣ್ಣ ಫಂಕ್ಷನ್ನಿನೊಳಗೆ ಇಡುತ್ತಾರೆ. ವಾಡಿಕೆಯಲ್ಲಿ ಅದರ ಹೆಸರು ಬರೀ 'ಎಸ್'. ಲೊಕೇಲ್ ಎಂಬ ಫೋಲ್ಡರಿನಲ್ಲಿ ಭಾಷೆಗೊಂದು ಫೈಲ್. ಅದರ ಪ್ರತಿ ಸಾಲಿನಲ್ಲಿ ಎಡಕ್ಕೆ ಮೂಲದ ಮಾತು, ನಡುವೆ ಸಮ ಚಿಹ್ನೆ, ಬಲಕ್ಕೆ ನಮ್ಮ ಮಾತು. ಸರ್ವರು ಮಾತಿಗೆ ಗುರುತು ಹಾಕಿ ಕಳಿಸುತ್ತದೆ, ಭಾಷೆ ಬದಲಿಸುವ ಕೆಲಸ ಆಟಗಾರನ ಯಂತ್ರದಲ್ಲೇ ಆಗುತ್ತದೆ. ಹೀಗಾಗಿ ಒಂದೇ ಸರ್ವರಿನಲ್ಲಿ ಆಡುವ ಇಬ್ಬರು ಅದೇ ವಸ್ತುವಿನ ಹೆಸರನ್ನು ತಂತಮ್ಮ ಭಾಷೆಯಲ್ಲಿ ಓದಬಹುದು. ಗಡಿಯ ಆಚೀಚೆ ಮರಾಠಿ, ಕನ್ನಡ ಎರಡನ್ನೂ ಆಡುವ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಬೇರೆ ಇರಲಾರದು.

ಈ ವಿನ್ಯಾಸದ ದೊಡ್ಡ ಗುಣವೆಂದರೆ ಅನುವಾದಕನಿಗೆ ಪ್ರೋಗ್ರಾಮಿಂಗ್ ಬರಬೇಕೆಂಬ ಹಟ ಅದಕ್ಕಿಲ್ಲ. ಮೈನ್‌ಕ್ರಾಫ್ಟ್‌ನದೂ ಇದೇ ದಾರಿ: ಮಾಡ್‌ನ ಭಾಷಾ ಫೋಲ್ಡರಿಗೆ ಕನ್ನಡದ ಒಂದು ಜೇಸನ್ ಫೈಲ್ ಸೇರಿಸಿದರೆ ಮುಗಿಯಿತು. ಅನುವಾದವಾಗದ ಸಾಲು ಇಂಗ್ಲಿಷಿನಲ್ಲಿ ಬರುತ್ತದೆ, ಆಟ ನಿಲ್ಲುವುದಿಲ್ಲ. ಹತ್ತು ಸಾಲು ಮಾಡಿದರೂ ಆ ಹತ್ತು ಸಾಲು ಕೂಡಲೇ ಬಳಕೆಗೆ ಬರುತ್ತವೆ. ಶಾಲೆಯ ಮೇಷ್ಟ್ರು, ಕಾಲೇಜಿನ ಹುಡುಗಿ, ಯಾರು ಬೇಕಾದರೂ ಬಿಡುವಿನಲ್ಲಿ ಕೂತು ಮಾಡಬಹುದಾದ ಕೆಲಸ ಇದು. ಮಾತನ್ನು ಕೋಡಿನಿಂದ ಬೇರ್ಪಡಿಸಿ ಇಡುವ ಈ ಶಿಸ್ತಿಗೆ ಮನಸಾರೆ ಮೆಚ್ಚುಗೆ ಹೇಳಬೇಕು.

ದೋಷ ಶುರುವಾಗುವುದು ಒಂಟಿ ಹೆಸರುಗಳಿಂದ ಪೂರ್ತಿ ವಾಕ್ಯಕ್ಕೆ ಬಂದಾಗ. ಎಷ್ಟೋ ಮಾಡ್‌ಗಳು ವಾಕ್ಯವನ್ನು ತುಂಡು ತುಂಡಾಗಿ ಅನುವಾದಕ್ಕೆ ಕೊಟ್ಟು ಕೋಡಿನಲ್ಲಿ ಜೋಡಿಸುತ್ತವೆ: ಮೊದಲು ಕ್ರಿಯಾಪದ, ಆಮೇಲೆ ವಸ್ತು. ಕನ್ನಡದಲ್ಲಿ ಕ್ರಿಯೆ ಕೊನೆಗೆ ಬರಬೇಕು, ನಾಮಪದ ವಿಭಕ್ತಿ ಹೊರಬೇಕು. ಕಬ್ಬು ಕಬ್ಬನ್ನು ಆಗುತ್ತದೆ, ಮರ ಮರವನ್ನು, ಎಲೆ ಎಲೆಯನ್ನು. ಖಾಲಿ ಬಿಟ್ಟ ಜಾಗಕ್ಕೆ ಯಾವ ಪದ ಬಂದು ಕೂರುತ್ತದೆ ಎಂದು ಮೊದಲೇ ತಿಳಿಯದಿದ್ದರೆ ಯಾವ ಪ್ರತ್ಯಯ ಅಂಟಿಸುವುದು? ಪೂರ್ತಿ ವಾಕ್ಯ ಕೈಗೆ ಕೊಟ್ಟರೆ ಕನ್ನಡವೇ ದಾರಿ ತೋರಿಸುತ್ತದೆ. 'ನಿಮಗೆ ಕಬ್ಬು ಸಿಕ್ಕಿತು' ಎಂದಾಗ ವಸ್ತುವಿನ ಹೆಸರು ಹೇಗಿತ್ತೋ ಹಾಗೇ ಉಳಿಯುತ್ತದೆ. ಆ ಜಾಗಕ್ಕೆ ಮರ ಬರಲಿ, ಎಲೆ ಬರಲಿ, ವಾಕ್ಯ ಕೆಡುವುದಿಲ್ಲ. ಆಡುವವರು ಹುಡುಗನೋ ಹುಡುಗಿಯೋ ಗೊತ್ತಿಲ್ಲದಾಗ 'ಬಂದರು' ಎಂಬ ಬಹುವಚನ ಇಬ್ಬರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಆದರೆ ಇಷ್ಟು ಜಾಣತನ ತೋರಿಸಲು ಅನುವಾದಕನಿಗೆ ಇಡೀ ವಾಕ್ಯವೂ ಅದು ಎಲ್ಲಿ ಬಳಕೆಯಾಗುತ್ತದೆ ಎಂಬ ಒಂದು ಸಾಲಿನ ಟಿಪ್ಪಣಿಯೂ ಬೇಕು. ಲುವಾಂಟಿಯಲ್ಲಿ ವಾಕ್ಯದೊಳಗಿನ ಖಾಲಿ ಜಾಗಗಳಿಗೆ ಸಂಖ್ಯೆ ಕೊಟ್ಟಿರುವುದರಿಂದ ಅವುಗಳ ಕ್ರಮವನ್ನು ನಮಗೆ ಬೇಕಾದಂತೆ ಹಿಂದುಮುಂದು ಮಾಡಬಹುದು. ಸಲಕರಣೆ ಒಳ್ಳೆಯದೇ ಇದೆ, ಬಳಸುವವರ ಅವಸರ ಅದನ್ನು ಕೆಡಿಸುತ್ತಿದೆ.

ಇದಕ್ಕಿಂತ ದೊಡ್ಡ ದೋಷ ಅಕ್ಷರದ್ದು. ಕಬ್ಬು ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡಿನಲ್ಲಿ ಐದು ಸಂಕೇತ: ಕ, ಬ, ಹಲಂತ, ಮತ್ತೊಂದು ಬ, ಉಕಾರದ ಕೊಂಬು. ಈ ಐದನ್ನು ಓದಿ, ಎರಡನೆಯ ಬಕಾರವನ್ನು ಒತ್ತಾಗಿಸಿ ಕೆಳಗಿಳಿಸಿ, ಕೊಂಬನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸವನ್ನು ಯಾರಾದರೂ ಮಾಡಬೇಕು. ಹಲವು ಬ್ರೌಸರ್‌ಗಳಲ್ಲಿ, ಆಂಡ್ರಾಯ್ಡಿನಲ್ಲಿ, ಲಿಬ್ರೆಆಫೀಸಿನಲ್ಲಿ ಅದನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಒಂದೊಂದೇ ಸಂಕೇತವನ್ನು ಬಿಡಿಬಿಡಿಯಾಗಿ ಬಿಡಿಸಿ ಮುಂದೆ ಸಾಗುವ ಆಟಗಳಲ್ಲಿ ಆ ಕೂಡಿಕೆ ನಡೆಯುವುದೇ ಇಲ್ಲ. ಒತ್ತಕ್ಷರವಿಲ್ಲದ 'ಗಲಗಲಿ' ಕೂಡ ಪಾರಾಗುವುದಿಲ್ಲ. ಕೊನೆಯ ಲಿ ಮುರಿದು ಲಕಾರ ಒಂದು ಕಡೆ, ಗುಡಿಸು ಇನ್ನೊಂದು ಕಡೆ ನಿಲ್ಲುತ್ತದೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷಾ ಪಟ್ಟಿಯಲ್ಲಿ ಸ್ವಯಂಸೇವಕರು ದುಡಿದು ತಂದ ಕನ್ನಡವಿದೆ, ಆದರೆ ಅದು ಬಳಸುವ ಯೂನಿಫಾಂಟ್ ಅಕ್ಷರಗಳಲ್ಲಿ ಒತ್ತುಗಳು ಕೂಡುವುದಿಲ್ಲ. ಲುವಾಂಟಿಯಲ್ಲಿ ಆಗಿರುವುದು ಇನ್ನೂ ನೋವಿನ ಸಂಗತಿ. ಅದಕ್ಕೂ ಕನ್ನಡ ಅನುವಾದದ ಫೈಲ್ ಇದೆ. ಹಾಗಿದ್ದೂ ತಂತ್ರಾಂಶ ಕಟ್ಟುವಾಗ ಕೈಬಿಡಬೇಕಾದ ಭಾಷೆಗಳ ಪಟ್ಟಿಯಲ್ಲಿ ಅರಬ್ಬಿ, ಹೀಬ್ರೂ, ಹಿಂದಿ, ಥಾಯ್‌ಗಳ ಜೊತೆಗೆ ಕನ್ನಡವನ್ನೂ ಸೇರಿಸಿದರು. ಕಾರಣ, ಈ ಲಿಪಿಗಳನ್ನು ಸರಿಯಾಗಿ ತೋರಿಸುವ ಶಕ್ತಿ ಎಂಜಿನ್ನಿಗೆ ಇರಲಿಲ್ಲ.

ಮುರಿದ ಅಕ್ಷರ ತೋರಿಸುವುದಕ್ಕಿಂತ ತೋರಿಸದಿರುವುದೇ ಲೇಸು ಎಂಬ ಆ ತೀರ್ಮಾನದಲ್ಲಿ ಪ್ರಾಮಾಣಿಕತೆ ಇದೆ. ಆದರೆ ಅದು ತಾತ್ಕಾಲಿಕ ಏರ್ಪಾಡಾಗಿರಬೇಕಿತ್ತು. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಗೋಡೋ ಎಂಬ ಮತ್ತೊಂದು ಮುಕ್ತ ಗೇಮ್ ಎಂಜಿನ್ 2023ರ ಮಾರ್ಚಿನಲ್ಲಿ ತನ್ನ 4.0 ಆವೃತ್ತಿಯೊಳಗೆ ಹಾರ್ಫ್‌ಬಜ್ ಸೇರಿಸಿಕೊಂಡು, ಇಂಥ ಲಿಪಿಗಳನ್ನು ಆಟದಲ್ಲಿ ನೇರವಾಗಿ ತೋರಿಸುವ ದಾರಿ ಮಾಡಿತು. ಸಮುದಾಯದ ದುಡಿಮೆಯಿಂದ ನಡೆಯುವ ಒಂದು ಯೋಜನೆಗೆ ಸಾಧ್ಯವಾದದ್ದು ಇನ್ನೊಂದಕ್ಕೆ ಅಸಾಧ್ಯವಲ್ಲ. ಅನುವಾದಕರ ದುಡಿಮೆ ಫೈಲಿನಲ್ಲೇ ಉಳಿದು ಪರದೆಗೆ ಬಾರದಿದ್ದರೆ ಅವರ ಉಮೇದು ಎಷ್ಟು ದಿನ ಉಳಿದೀತು?

ಯಾವ ಕನ್ನಡ ಎಂಬ ಪ್ರಶ್ನೆಯೂ ಇದೆ. ಕೃಷ್ಣೆಯ ದಂಡೆಯ ಹುಡುಗ 'ಹೊಲದಾಗ' ಎನ್ನುತ್ತಾನೆ, ಪಠ್ಯಪುಸ್ತಕ 'ಹೊಲದಲ್ಲಿ' ಎನ್ನುತ್ತದೆ. ಮೈನ್‌ಕ್ರಾಫ್ಟ್‌ನ ಪಟ್ಟಿಯಲ್ಲಿ ಜರ್ಮನ್ ಜೊತೆಗೆ ಬವೇರಿಯಾದ ಮಾತು, ಕೊಲೋನ್ ಪಟ್ಟಣದ ಮಾತು ತಮ್ಮದೇ ಹೆಸರಿನಲ್ಲಿ ಕುಳಿತಿವೆ. ರಿಸೋರ್ಸ್ ಪ್ಯಾಕ್ ಒಂದರ ಮೂಲಕ ಪಟ್ಟಿಗೆ ಹೊಸ ಭಾಷೆಯನ್ನೇ ಸೇರಿಸಲೂ ಬರುತ್ತದೆ, ಯಾರ ಅಪ್ಪಣೆಯೂ ಬೇಡ. ಬಾಗಲಕೋಟೆ ಕಡೆಯ ಮಾತಿಗೆ ಹೀಗೊಂದು ಪ್ಯಾಕ್ ಆಗಬಾರದೇಕೆ? ಶಿಷ್ಟ ಕನ್ನಡದ ಫೈಲ್ ಎಲ್ಲರಿಗಾಗಿ ಇರಲಿ, ಅದರ ಪಕ್ಕದಲ್ಲಿ ಮನೆಮಾತಿನದೂ ಇರಲಿ. ಓದು ಈಗಷ್ಟೇ ಕೈಗೆ ಹತ್ತುತ್ತಿರುವ ಮಗುವಿಗೆ ತಾನು ಆಡುವ ಮಾತೇ ಆಟದಲ್ಲಿ ಕಂಡರೆ ಓದಿನ ಮೇಲೆ ಹಿಡಿತ ಬೇಗ ಬರುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಒಟ್ಟಿನಲ್ಲಿ ಈಗಿನ ಪದ್ಧತಿ ಅರ್ಧ ದಾರಿ ಬಂದು ನಿಂತಿದೆ. ಫೈಲಿನ ವ್ಯವಸ್ಥೆ ಸೊಗಸಾಗಿದೆ, ವಾಕ್ಯದ ವ್ಯವಸ್ಥೆ ಮಾಡ್ ಬರೆಯುವವರ ಕಾಳಜಿಯನ್ನು ಅವಲಂಬಿಸಿದೆ, ಲಿಪಿಯ ವ್ಯವಸ್ಥೆ ಸೋತಿದೆ. ಕನ್ನಡದ ಹುಡುಗ ಹುಡುಗಿಯರು ಎರಡೂ ಬದಿಯಿಂದ ಕೈ ಹಾಕಬೇಕು. ಅನುವಾದ ಬಲ್ಲವರು ಒಂದು ಮಾಡ್ ಆರಿಸಿಕೊಂಡು ಅದರ ಫೈಲ್ ತುಂಬಲಿ. ಸಿ ಪ್ಲಸ್ ಪ್ಲಸ್ ಬಲ್ಲ ನಮ್ಮ ಎಂಜಿನಿಯರುಗಳು ಲುವಾಂಟಿಯಂಥ ಯೋಜನೆಗೆ ಅಕ್ಷರ ಕೂಡಿಸುವ ಕೋಡ್ ಬರೆದು ಕೊಡಲಿ. ಮೂಲ ಸಂಕೇತ ತೆರೆದೇ ಇದೆ, ತಿದ್ದುವ ಹಕ್ಕು ಎಲ್ಲರಿಗೂ ಇದೆ. ಈ ಎರಡನೆಯ ಕೆಲಸ ಒಮ್ಮೆ ಆದರೆ ಸಾಕು, ಕನ್ನಡದ ಜೊತೆಗೆ ತೆಲುಗು, ಮಲಯಾಳ, ಹಿಂದಿಗಳಿಗೂ ದಾರಿಯಾಗುತ್ತದೆ. ಆದ್ದರಿಂದ ಮೊದಲು ಆಗಬೇಕಾದದ್ದು ಅದೇ.